ಶಫಿ ಸಾಹೇಬರ ಸುರಕ್ಷತಾ ಭಾಷಣ

ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಫ್ಯಾನು, ಮಿಕ್ಸಿ ಮಾರುವ ಮಹಮ್ಮದ್ ಶಫಿ ಸಾಹೇಬರು ಕಂಪ್ಯೂಟರ್ ಪಂಡಿತರಾದದ್ದು ಒಂದೇ ಒಂದು ಪವಾಡದಿಂದ. ಹಿರಿಯ ನಾಗರಿಕರ ಸಂಘದ ಪ್ರಿಂಟರ್ ಕೆಟ್ಟಿತೆಂದು ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಅದರ ಸಡಿಲವಾದ ಪ್ಲಗ್ಗನ್ನು ಒತ್ತಿ ಸರಿಮಾಡಿದವರು ಅವರು. ಪ್ಲಗ್ಗಿನ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಅದರ ಫಲವಾಗಿ ಈ ಶನಿವಾರ ಸಂಜೆ ನಾಲ್ಕಕ್ಕೆ, ಬಾಳಗಡಿಯ ಸಭಾಭವನದಲ್ಲಿ, ‘ಮನೆಯ ಕಂಪ್ಯೂಟರ್ ಕಾಪಾಡಿಕೊಳ್ಳುವುದು ಹೇಗೆ’ ಎಂದು ಅವರ ಭಾಷಣ ಏರ್ಪಾಡಾಗಿತ್ತು.

ಒಂದು ವಾರ ಕೂತು ಹನ್ನೆರಡು ಪುಟ ಟೈಪು ಮಾಡಿದ್ದರು. ಗುರುತಿಲ್ಲದವರು ಕಳಿಸಿದ ಫೈಲು ತೆರೆಯಬೇಡಿ, ಅಪ್‌ಡೇಟ್ ಮುಂದೂಡಬೇಡಿ, ಆಂಟಿವೈರಸ್ ಆಫ್ ಮಾಡಬೇಡಿ. ಬರೆಯುವಾಗ ಅಪ್‌ಡೇಟ್ ಬಂದು ಕಾಡಿದಾಗಲೆಲ್ಲ ‘ನಾಳೆ’ ಎಂದು ಅದನ್ನು ಸಾಗಹಾಕಿದರು. ಆಂಟಿವೈರಸ್ಸಂತೂ ಮಾತುಮಾತಿಗೆ ಗದರುತ್ತದೆಂದು ಮೊದಲೇ ಆಫ್ ಮಾಡಿಟ್ಟಿದ್ದರು.

ಶನಿವಾರ ಬೆಳಿಗ್ಗೆ ಒಂದು ಇಮೇಲ್ ಬಂತು. ‘ನಿಮಗೆ ಸನ್ಮಾನ. ಆಮಂತ್ರಣ ಪತ್ರಿಕೆ ಲಗತ್ತಿಸಿದೆ.’ ಕಳಿಸಿದವರ ಗುರುತು ಸಿಗಲಿಲ್ಲ. ಆದರೆ ಸನ್ಮಾನ ಯಾರಿಗೆ ಎನ್ನುವುದರಲ್ಲಿ ಸಾಹೇಬರಿಗೆ ಸಂಶಯವಿರಲಿಲ್ಲ. ಭಾಷಣವಾದ ಮೇಲೆ ಇಟ್ಟುಕೊಂಡಿರಬೇಕು! ಪತ್ರಿಕೆಯಲ್ಲಿ ತಮ್ಮ ಯಾವ ಫೋಟೋ ಹಾಕಿದ್ದಾರೋ ನೋಡೋಣವೆಂದು ಒತ್ತಿದರು. ಏನೂ ಕಾಣಲಿಲ್ಲ. ಬಾಗಿಲು ತೆಗೆಯದ ಮನೆಯ ಕರೆಗಂಟೆ ಒತ್ತುವವರ ಹಾಗೆ ಮತ್ತೆ ಮತ್ತೆ ಒತ್ತಿದರು.

ಪರದೆ ಕೆಂಪಗಾಯಿತು. ನಿಮ್ಮ ಫೈಲುಗಳಿಗೆಲ್ಲ ಬೀಗ ಬಿದ್ದಿದೆ ಎಂದು ಇಂಗ್ಲಿಷಿನ ದಪ್ಪ ಅಕ್ಷರಗಳು ಮೂಡಿದವು.

"ಎಂತಾಯ್ತು ರೀ?" ಅಡುಗೆಮನೆಯಿಂದ ಬಂದ ಹೆಂಡತಿ ಫರಹತ್ ಕೇಳಿದರು.

"ಎಂತದೂ ಇಲ್ಲ. ಅಪ್‌ಡೇಟ್ ಆಗ್ತಾ ಇದೆ."

"ಇಷ್ಟು ಕೆಂಪಗಾ?"

"ಹೊಸ ನಮೂನೆದು."

ಭಾಷಣದ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಪೆನ್‌ಡ್ರೈವು ಮೂರು ತಿಂಗಳಿಂದ ಅದೇ ಕಂಪ್ಯೂಟರಿಗೆ ರಕ್ತ ಹೀರುವ ಇಂಬಳದ ಹಾಗೆ ಕಚ್ಚಿಕೊಂಡೇ ಇತ್ತು. ಅದಕ್ಕೂ ಬೀಗ ಬಿದ್ದಿತ್ತು.

ಅಷ್ಟರಲ್ಲಿ ಪೇಪರ್ ಓದಲು ಎದುರುಮನೆ ಭೈರಪ್ಪ ಬಂದರು. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಸಲಹೆ ಕೊಡಲು ಯಾವ ಅಳುಕೂ ಇರಲಿಲ್ಲ.

"ಒಳಗೆ ಬಿಸಿ ಆಗಿದೆ ಮಾರಾಯ್ರೆ. ಸ್ವಲ್ಪ ಗಾಳಿ ಆಡ್ಬೇಕು ಅಷ್ಟೇ."

ಬೇಡ ಬೇಡವೆನ್ನುವಷ್ಟರಲ್ಲಿ ಸ್ಕ್ರೂಡ್ರೈವರ್ ಹುಡುಕಿ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಯೇಬಿಟ್ಟರು. ಒಳಗಿಂದ ಒಂದು ಒಣಗಿದ ಹಲ್ಲಿ ಬಿತ್ತು.

"ಇಗಾ, ಸಿಕ್ತಲ್ಲ ವೈರಸ್ಸು!" ಎಂದು ಭೈರಪ್ಪ ಅದರ ಬಾಲ ಹಿಡಿದೆತ್ತಿ ತೋರಿಸಿದರು. ಪರದೆಯ ಕೆಂಪು ಮಾತ್ರ ಹಾಗೇ ಇತ್ತು.

ಗಲಾಟೆ ಕೇಳಿ ಪಕ್ಕದ ಮನೆಯ ಚಿಕ್ಕಕ್ಕ ಇಣುಕಿದರು. "ಊರಿಗೆಲ್ಲ ಭಾಷಣ ಮಾಡೋರ ಮಿಷನ್ನು. ದೃಷ್ಟಿ ತಾಗದೆ ಇರ್ತದಾ?" ಎಂದು ಬಚ್ಚಲೊಲೆಯ ಕೆಂಡವನ್ನು ಸೌಟಿನಲ್ಲಿ ತಂದು, ಉಪ್ಪು ಮೆಣಸು ಮೂರು ಸಲ ನಿವಾಳಿಸಿ ಹಾಕಿದರು. ಘಾಟಿಗೆ ನಾಲ್ಕೂ ಜನ ಸೀನಿದರು. ಕಂಪ್ಯೂಟರ್ ಸೀನಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಸಾಹೇಬರು ಚಾದರ ಹೊದ್ದು ಮಲಗಿದರು. "ಜ್ವರ ಅಂತ ಫೋನ್ ಮಾಡಿಬಿಡ್ತೇನೆ."

"ಹರಿಹರಪುರದಿಂದೆಲ್ಲ ಜನ ಬರ್ತಾರೆ," ಫರಹತ್ ಚಾದರ ಎಳೆದರು. "ಭಾಷಣ ಹೋದ್ರೆ ಹೋಯ್ತು. ಬೆಳಿಗ್ಗೆಯಿಂದ ಮನೇಲಿ ಆಗಿದ್ದನ್ನೇ ಹೇಳಿ. ಅದಕ್ಕೆ ಕಾಗದ ಬೇಕಾ?"

ಬಾಳಗಡಿಯ ಸಭಾಭವನ ತುಂಬಿತ್ತು. ಸಾಹೇಬರು ಮೈಕಿನ ಮುಂದೆ ನಿಂತರು. ಸುಳ್ಳು ಹೇಳಲು ಬೇಕಾದ ಧೈರ್ಯವೂ ಉಳಿದಿರಲಿಲ್ಲವಾದ್ದರಿಂದ ನಿಜವನ್ನೇ ಹೇಳಿದರು. ಸನ್ಮಾನದ ಆಸೆ, ಕೆಂಪು ಪರದೆ, ಇಂಬಳದಂಥ ಪೆನ್‌ಡ್ರೈವು, ಹಲ್ಲಿ, ಮೆಣಸಿನ ಘಾಟು, ಯಾವುದನ್ನೂ ಬಿಡಲಿಲ್ಲ.

"ನನ್ನಷ್ಟು ದಡ್ಡ ಈ ತಾಲ್ಲೂಕಲ್ಲೇ ಇನ್ನೊಬ್ಬ ಇಲ್ಲ," ಎಂದು ಕೈಮುಗಿದರು.

ಸಭೆ ಬಿದ್ದುಬಿದ್ದು ನಕ್ಕಿತು. ಕೆಂಪು ಪರದೆಯ ಮಾತು ಬಂದಾಗಲಂತೂ ಒಬ್ಬರಿಗೊಬ್ಬರು ಮೊಣಕೈಯಲ್ಲಿ ತಿವಿದುಕೊಂಡು ನಕ್ಕರು. ಚಪ್ಪಾಳೆ ನಿಲ್ಲಲೇ ಇಲ್ಲ. ಸಾಹೇಬರ ಎದೆಯ ಮೇಲಿನ ಕಲ್ಲು ಇಳಿಯಿತು. ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಎಷ್ಟು ಹಗುರ!

ಸಂಘದ ಕಾರ್ಯದರ್ಶಿ ಗೋದಾವರಮ್ಮ ವಂದನಾರ್ಪಣೆಗೆ ಎದ್ದರು.

"ಭಾಷಣ ಯಾರು ಬೇಕಾದ್ರೂ ಮಾಡ್ತಾರೆ. ಆದ್ರೆ ನಮ್ಮ ಶಫಿ ಸಾಹೇಬ್ರು ಪಾಠವನ್ನ ಕೈಯಾರೆ ಮಾಡಿ ತೋರಿಸಿದ್ರು. ಮಧ್ಯಾಹ್ನ ಸಂಘದ ಸದಸ್ಯರಿಗೆಲ್ಲ ಅವರ ಇಮೇಲಿಂದ ಸನ್ಮಾನದ ಪತ್ರಿಕೆ ಬಂತು. ಗುರುತಿನವರು, ಅದರಲ್ಲೂ ಇವತ್ತಿನ ಭಾಷಣಕಾರರು ಅಂತ ನಾವೆಲ್ಲ ತೆರೆದ್ವಿ. ಅವರು ಹೇಳಿದ ಹಾಗೇ ಕೆಂಪಗಾಯ್ತು! ಗುರುತಿನವರು ಕಳಿಸಿದ್ರೂ ಕೇಳದೆ ತೆರೀಬಾರ್ದು ಅಂತ ಎಷ್ಟು ಚೆಂದ ಬುದ್ಧಿ ಕಲಿಸಿದ್ರು ನೋಡಿ!"

ಸಾಹೇಬರು ಹತ್ತಿರದ ಕುರ್ಚಿಯನ್ನು ಭದ್ರವಾಗಿ ಹಿಡಿದುಕೊಂಡರು.

"ಎಷ್ಟು... ಎಷ್ಟು ಜನ ತೆರೆದ್ರಿ?"

ಸಭೆಯಲ್ಲಿ ನಲವತ್ತು ಕೈಗಳು ಹೆಮ್ಮೆಯಿಂದ ಮೇಲೆದ್ದವು.

"ಪಾಠ ಎಲ್ಲರಿಗೂ ತಲೆಗೆ ಹತ್ತಿತು ಸಾಹೇಬ್ರೆ," ಎಂದರು ಗೋದಾವರಮ್ಮ, ಮೈಕನ್ನು ಅವರ ಬಾಯಿಗೇ ಹಿಡಿದು. "ಇನ್ನು ಆ ಬೀಗ ತೆಗೆಯೋದು ಹೇಗೆ, ಅದೊಂದು ಹೇಳಿಬಿಡಿ."