ಕಾಂಬಳೆಯವರ ಗಡ್ಡೆಗುಲಾಬಿ

ಏನನ್ನೂ ಮಾಡದೆ ಸುಮ್ಮನಿರುವುದು ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ತೆಪ್ಪಗೆ ತಿರುಗುತ್ತಿರುವ ಫ್ಯಾನನ್ನು ಬಿಚ್ಚಿ ಎಣ್ಣೆ ಬಿಡುತ್ತೇನೆ. ಮರುದಿನದಿಂದ ಅದು ಕಿರ್ರೆನ್ನುತ್ತದೆ. ಹೆಂಡತಿ ಅತ್ತ ತಿರುಗಿದಾಗ ಕುದಿಯುವ ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕುತ್ತೇನೆ. ಅವಳು ಆಗಲೇ ಹಾಕಿರುತ್ತಾಳೆ. ನಮ್ಮ ಮನೆಯಲ್ಲಿ ಯಾವುದಾದರೂ ವಸ್ತು ಬಹಳ ವರ್ಷ ಬಾಳಿದೆಯೆಂದರೆ ಅದು ನನ್ನ ಕೈಗೆ ಎಟುಕದ ಜಾಗದಲ್ಲಿದೆ ಎಂದೇ ಅರ್ಥ. ಇಂಥವನ ಕೈಗೆ ಕಾಂಬಳೆಯವರು ತಮ್ಮ ಅಡೇನಿಯಂ ಗಿಡ ಒಪ್ಪಿಸಿ ಹೋದರು. ನಾನು ಜೀವಶಾಸ್ತ್ರದ ಉಪನ್ಯಾಸಕ ಎಂಬುದೇ ಅವರನ್ನು ದಾರಿ ತಪ್ಪಿಸಿರಬೇಕು.

ಕಾಂಬಳೆಯವರು ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಪ್ರಯೋಗಾಲಯ ಸಹಾಯಕರಾಗಿದ್ದರು. ತರಗತಿಯಲ್ಲಿ ಬೇರಿನ ಬಗ್ಗೆ ಪಾಠ ಮಾಡುತ್ತಿದ್ದವನು ನಾನು. ಬೇರಿನ ಮಾತು ಕೇಳುತ್ತಿದ್ದವರು ಅವರು. ಅವರ ಮನೆಯ ಮಾಳಿಗೆಯ ಮೇಲೆ ಒಡೆದ ಬಕೆಟ್ಟು, ಹಳೆಯ ಡಬ್ಬಿ, ಪಟ್ಟಿ ಹರಿದ ಹೆಲ್ಮೆಟ್ಟು, ಹೀಗೆ ಸಿಕ್ಕಿದ್ದರಲ್ಲೆಲ್ಲ ಅಡೇನಿಯಂ ಕುಳಿತಿರುತ್ತಿತ್ತು. ಮರುಭೂಮಿಯ ಗುಲಾಬಿ ಎಂದು ಅದಕ್ಕೊಂದು ಚಂದದ ಹೆಸರಿದೆ. ನೋಡಲು ಮಾತ್ರ ಸುವರ್ಣಗಡ್ಡೆಯೊಂದು ಮಣ್ಣಿನಿಂದ ಎದ್ದು ಬಂದು ತಲೆಯ ಮೇಲೆ ಹೂ ಮುಡಿದಂತಿರುತ್ತದೆ. ಆ ಗಡ್ಡೆಯೇ ಅದರ ಕೊಡ. ತಿಂಗಳುಗಟ್ಟಲೆ ಬೇಕಾಗುವ ನೀರನ್ನು ಅಲ್ಲಿ ತುಂಬಿಟ್ಟುಕೊಂಡು ಅದು ನಿಶ್ಚಿಂತೆಯಿಂದ ಇರುತ್ತದೆ.

ಕಾಂಬಳೆಯವರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಅಲ್ಲಿ ಸಿಕ್ಕ ಬಾಡಿಗೆ ಮನೆಗೆ ಮಾಳಿಗೆ ಇರಲಿಲ್ಲ, ಬಿಸಿಲೂ ಇರಲಿಲ್ಲ. ಉಳಿದ ಗಿಡಗಳನ್ನೆಲ್ಲ ಹಂಚಿ, ಎಲ್ಲಕ್ಕಿಂತ ಹಳೆಯದನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ನಮ್ಮ ಮನೆಗೆ ತಂದರು.

"ಸರ್, ನಮ್ಮ ಮಗಳು ಪ್ರಜ್ಞಾ ಹುಟ್ಟಿದ ವರ್ಷ ಬೀಜ ಹಾಕಿದ್ದಿದು. ಹನ್ನೆರಡು ವರ್ಷ ಆತು. ಇಬ್ಬರೂ ಒಂದೇ ವಾರಗಿ. ಮಾಳಿಗಿ ಇರೋ ಮನಿ ಸಿಗೂತನಕ ನಿಮ್ಮಲ್ಲಿ ಇರ್ಲಿ," ಎಂದರು.

"ನೀರು ಎಷ್ಟು ಹಾಕಬೇಕು?" ಎಂದು ಕೇಳಿದೆ.

"ಹಾಕಬ್ಯಾಡ್ರಿ. ಹಾಕಬೇಕು ಅನಿಸಿದ್ರ ಒಂದು ಗ್ಲಾಸ್ ನೀವ ಕುಡೀರಿ. ಮರುದಿನಾನೂ ಅನಿಸಿದ್ರ ಮತ್ತೊಂದು ಗ್ಲಾಸ್ ಕುಡೀರಿ. ಮಣ್ಣು ಪೂರಾ ಒಣಗಿದ ಮ್ಯಾಲೆ ಗಿಡಕ್ಕ ಹಾಕ್ರಿ."

ಈ ಮಾತನ್ನು ನಮ್ಮ ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. ಅವಳಿಗೆ ಒಪ್ಪಿಗೆಯಾಗಲಿಲ್ಲ. ದಿನಾ ಮುಂಜಾನೆ ತುಳಸಿಗೆ ನೀರು ಹಾಕಿ, ತಂಬಿಗೆಯಲ್ಲಿ ಉಳಿದ ನಾಲ್ಕು ಹನಿಯನ್ನು ಈ ಗಿಡಕ್ಕೆ ಚೆಲ್ಲಿ ಒಳಗೆ ಬರತೊಡಗಿದಳು. ಹಾಕಬೇಡ ಎಂದರೆ, "ಮನಿ ಮುಂದ ಜೀವ ಕುಂತೈತಿ. ಅದರ ಮುಂದ ತುಳಸಿಗೊಂದ ನೀರ ಕೊಟ್ಟು ಹ್ಯಾಂಗ ಬರ್ಲಿ," ಎನ್ನುತ್ತಿದ್ದಳು. ಪಂಕ್ತಿಭೇದ ಅವಳಿಗೆ ಆಗದು. ಕೊನೆಗೆ ನಾನು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ನೀರು ಹಾಕಬಾರದು" ಎಂದು ಬರೆದು, ಗಿಡದ ಹಿಂದಿನ ಗೇಟಿಗೆ ಕಟ್ಟಿದೆ. ಅವ್ವ ಅದನ್ನು ಓದಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಆದರೆ ಅದನ್ನು ಹಾಲಿನ ಗೌರಮ್ಮನೂ ಓದಿದಳು. ಕ್ಯಾನು ಕೆಳಗಿಟ್ಟು, "ಸರ್, ಒಂಬತ್ತು ವರ್ಷ ಆತು ನಿಮಗ ಹಾಲ ಹಾಕಾಕತ್ತು. ಅನುಮಾನ ಇದ್ರ ಕರದು ಹೇಳಬೇಕಿತ್ತು. ಹಿಂಗ ಬರದು ಊರಿಗೆಲ್ಲ ತೋರಸೂದು ಚಲೋ ಅಲ್ಲ," ಎಂದಳು. ಅವಳಿಗೆ ಅಡೇನಿಯಂ ಸಂಗತಿ ವಿವರಿಸಲು ಅರ್ಧ ತಾಸು ಹಿಡಿಯಿತು. ರಟ್ಟನ್ನು ಅಂದೇ ಬಿಚ್ಚಿದೆ. ಅಷ್ಟರಲ್ಲಿ ಅವ್ವ ನೀರು ಹಾಕುವುದನ್ನು ಬಿಟ್ಟಿದ್ದಳು.

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಗಿಡ ಕಾಂಬಳೆಯವರ ಒಡೆದ ಬಕೆಟ್ಟಿನಲ್ಲೇ ಇತ್ತು. ಉಪನ್ಯಾಸಕರ ಮನೆಯ ಮುಂದೆ ಒಡೆದ ಬಕೆಟ್ಟೇ ಎಂದು ನನಗೇ ನಾಚಿಕೆಯಾಗುತ್ತಿತ್ತು. ಒಂದು ಮದುವೆಗೆಂದು ಕಿತ್ತೂರಿಗೆ ಹೋದಾಗ ಹೆದ್ದಾರಿಯ ಬದಿಯಲ್ಲಿ ಪಿಂಗಾಣಿ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಅದರಲ್ಲೊಂದು ಕಡುನೀಲಿ, ಮೇಲೆ ಬಿಳಿ ಬಳ್ಳಿ. ಊಟ ಮುಗಿಸಿ ಬರುವಾಗ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಮರುದಿನವೇ ಗಿಡ ಹೊಸ ಮನೆಗೆ ಹೋಯಿತು. ಹಾದು ಹೋಗುವವರೆಲ್ಲ ನಿಂತು ನೋಡಿದರು. ಅವ್ವನೂ ಕುಂಡವನ್ನು ಸುತ್ತಿ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿಕೊಂಡಳು.

ಮಳೆಗಾಲ ಬಂತು. ಶ್ರಾವಣದ ಹೊತ್ತಿಗೆ ಎಲೆಗಳು ಹಳದಿಯಾಗಿ ಉದುರಿದವು. ಗಡ್ಡೆಯನ್ನು ಒತ್ತಿದರೆ ಬೆರಳು ಒಳಗೆ ಹೋಯಿತು, ಕಳಿತ ಬಾಳೆಹಣ್ಣಿನ ಹಾಗೆ. ಹನ್ನೆರಡು ವರ್ಷದ ಗಿಡ, ಹನ್ನೆರಡು ವರ್ಷದ ಹುಡುಗಿಯ ವಾರಗಿ. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ಹತ್ತಿರದಲ್ಲಿ ಇದ್ದವಳು ಅವ್ವ.

"ನೀನೇ ಕದ್ದು ಕದ್ದು ನೀರು ಹಾಕಿ ಕೊಂದೆ ನೋಡು," ಎಂದೆ.

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಾ ಹಾಕಿಲ್ಲ," ಎಂದು ಒಮ್ಮೆ ಹೇಳಿದಳು, ಮತ್ತೆ ಹೇಳಲಿಲ್ಲ. ಎರಡು ದಿನದ ಮೇಲೆ ಚೀಲ ಕಟ್ಟಿಕೊಂಡು, ಕಟಕೋಳದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೊರಟಳು. ನಾಲ್ಕು ದಿನ ಹದಿನೈದಾಯಿತು. ಫೋನಿನಲ್ಲಿ ನನ್ನ ಹೆಂಡತಿ ಸುಮಿತ್ರಾಳೊಂದಿಗೆ ಮಾತಾಡುತ್ತಿದ್ದಳು. ನನ್ನ ಕೈಗೆ ಬಂದಾಗ ಫೋನು ಕಟ್ಟಾಗುತ್ತಿತ್ತು.

ಗಿಡದಲ್ಲಿ ಉಳಿದಿರುವುದೇನಾದರೂ ಇದ್ದರೆ ಉಳಿಸೋಣವೆಂದು ಒಂದು ಭಾನುವಾರ ಅದನ್ನು ಕೀಳಲು ಕುಳಿತೆ. ಸುಮಿತ್ರಾ ಕುಂಡ ಹಿಡಿದಳು. ಮಣ್ಣಿನೊಂದಿಗೆ ಅರ್ಧ ಕೊಡದಷ್ಟು ನಾರುವ ನೀರು ಅಂಗಳಕ್ಕೆ ಬಿತ್ತು. ಅವಳು ಖಾಲಿ ಕುಂಡವನ್ನು ಡಬ್ಬು ಹಾಕಿ ನೋಡಿದಳು, ಮತ್ತೊಮ್ಮೆ ತಿರುಗಿಸಿ ನೋಡಿದಳು.

"ಇದರ ತೂತ ಎಲ್ಲೈತ್ರಿ?"

ತೂತು ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಬೇರೂ ಉಸಿರಾಡುತ್ತದೆ ಎಂದು ಬರೆಸಿದವನು ನಾನು. ಇಡೀ ಮಳೆಗಾಲ ಆ ಗಿಡವನ್ನು ನೀಲಿ ಬಾವಿಯಲ್ಲಿ ಕೊರಳ ತನಕ ನಿಲ್ಲಿಸಿದ್ದೆ. ಸುಮಿತ್ರಾ ಒಳಗಿನಿಂದ ಚಾಕು ತಂದು ಕೊಟ್ಟಳು.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಆ ಗಿಡದ ಹಾಲು ವಿಷ. ಮೂರರಲ್ಲೊಂದು ಪಾಲು ಹೋದ ಮೇಲೆ ಬೆಳ್ಳಗಿನ ಗಟ್ಟಿ ತಿರುಳು ಸಿಕ್ಕಿತು. ಅದಕ್ಕೆ ಅರಿಸಿನ ಮೆತ್ತಿ, ಬೋಳು ಗಡ್ಡೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ರಾಮದುರ್ಗದ ಬಸ್ಸು ಹತ್ತಿದೆ. ಮೊದಲು ಕಾಂಬಳೆಯವರಲ್ಲಿ ತಪ್ಪೊಪ್ಪಿಗೆ, ಆಮೇಲೆ ಕಟಕೋಳದಲ್ಲಿ ಅವ್ವನ ಹತ್ತಿರ. ಸವದತ್ತಿಯಲ್ಲಿ ಒಬ್ಬ ಹಿರಿಯರು ಹತ್ತಿ ಪಕ್ಕದಲ್ಲಿ ಕುಳಿತರು. ಬುಟ್ಟಿಯೊಳಗೆ ಇಣುಕಿ, "ಗಡ್ಡಿ ಭಾರಿ ಐತ್ರಿ. ಹುಣಸಿಹುಳಿ ಹಿಂಡಿ ಪಲ್ಯಾ ಮಾಡ್ರಿ," ಎಂದರು.

"ಇದು ವಿಷ," ಎಂದೆ.

ಅವರು ನನ್ನ ಮುಖವನ್ನೂ ಅರಿಸಿನ ಮೆತ್ತಿದ ಗಡ್ಡೆಯನ್ನೂ ನೋಡಿದರು. "ಯಾರಿಗ್ರಿ?" ಎಂದು ಮೆಲ್ಲಗೆ ಕೇಳಿದರು. "ಮೊದಲು ಕಾಂಬಳೆಯವರ ಮನೆಗೆ, ಆಮೇಲೆ ಅವ್ವನ ಹತ್ತಿರ," ಎಂದು ನಾನು ಬೇರೆ ಯೋಚನೆಯಲ್ಲಿ ಹೇಳಿಬಿಟ್ಟೆ. ಅವರು ಎದ್ದು ಕಂಡಕ್ಟರನ ಹತ್ತಿರ ಹೋಗಿ ನಿಂತರು. ರಾಮದುರ್ಗದವರೆಗೆ ಮೂರು ಜನರ ಸೀಟಿನಲ್ಲಿ ನಾನೊಬ್ಬನೇ ಆರಾಮವಾಗಿ ಕುಳಿತು ಹೋದೆ.

ಕಾಂಬಳೆಯವರು ನನ್ನ ಕಥೆಯನ್ನು ಪೂರ್ತಿ ಕೇಳಿದರು. ಗಡ್ಡೆಯನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿದರು. ಪ್ರಜ್ಞಾ ಅಪ್ಪನ ಭುಜ ಹಿಡಿದು ನಿಂತಿದ್ದಳು. ನನಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗಾಗಿತ್ತು.

"ಜೀವ ಐತ್ರಿ ಸರ್," ಎಂದರು. "ನಾನೂ ಸುರುವಿನ ಮೂರು ಗಿಡಾ ಹಿಂಗ ಕೊಳಸೇನಿ. ಎರಡು ವಾರ ನೆರಳಾಗ ತಲಿಕೆಳಗ ತೂಗ ಹಾಕ್ರಿ. ಆಮ್ಯಾಲೆ ಉಸುಕು, ಇಟ್ಟಂಗಿ ಚೂರು ಹಾಕಿ ಹಚ್ರಿ." ಪ್ರಜ್ಞಾ ಒಳಗೆ ಹೋಗಿ, ತಳಕ್ಕೆ ಐದು ತೂತು ಹೊಡೆದ ಒಂದು ಹಳೆಯ ಡಬ್ಬಿ ತಂದು ನನ್ನ ಕೈಗಿಟ್ಟಳು. ತೂತುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದಳು.

ಕಟಕೋಳದಲ್ಲಿ ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ತಪ್ಪಾಯಿತು ಎನ್ನುವ ಮೊದಲೇ, "ಗಿಡಾ ಉಳೀತು?" ಎಂದು ಕೇಳಿದಳು. ಉಳಿದೀತು ಎಂದೆ. ಕುಂಡಕ್ಕೆ ತೂತಿರಲಿಲ್ಲ, ತಪ್ಪು ನನ್ನದೇ ಎಂದೆ.

"ಗೊತ್ತಿತ್ತು ನನಗ. ತಂದ ದಿನಾನ ನೋಡಿದ್ದೆ."

"ಮತ್ತೆ ಹೇಳಬೇಕಿಲ್ಲೇನು?"

"ಗೇಟಿಗೆ ಬೋರ್ಡ್ ಬರದು ಕಟ್ಟಿದ ಮಾಸ್ತರಿಗೆ ನಾ ಏನ್ ಹೇಳ್ಲಿ, ತಮ್ಮಾ," ಎಂದಳು. ಆಮೇಲೆ ಅವಳೇ ಎದ್ದು ಚೀಲ ಕಟ್ಟಿದಳು.

ಅಂದಿನಿಂದ ಗಡ್ಡೆಗುಲಾಬಿಯ ಯಜಮಾನಿಕೆ ಅವ್ವನದು. ಆ ಹೆಸರೂ ಅವಳದೇ. ಮಣ್ಣಿನೊಳಗೆ ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕುತ್ತಾಳೆ. ಬೇಸಿಗೆಯಲ್ಲಿ ಅದು ಹನ್ನೊಂದು ಹೂ ಬಿಟ್ಟಿತು. ಕಾಂಬಳೆಯವರಿಗೆ ಮಾಳಿಗೆಯ ಮನೆಯೂ ಸಿಕ್ಕಿತ್ತು. ಗಿಡ ಒಯ್ಯಲೆಂದೇ ಮಗಳೊಂದಿಗೆ ಬಂದರು. ಹೂ ನೋಡಿ ಕಾಂಬಳೆಯವರೇ, "ಇಲ್ಲೇ ಇರ್ಲಿ ಬಿಡ್ರಿ, ಅಮ್ಮಾರ ಕೈ ಹತ್ತೈತಿ," ಎಂದರು. ಪ್ರಜ್ಞಾ ಮುಖ ಚಿಕ್ಕದು ಮಾಡಿದಳು. ಅವ್ವ ಅವಳಿಗೆ ಒಂದು ಟೊಂಗೆ ಕತ್ತರಿಸಿ ಕೊಟ್ಟು, ಹಚ್ಚುವ ಬಗೆ ಹೇಳತೊಡಗಿದಳು. ಮೂವರೂ ಗಿಡದ ಸುತ್ತ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ನಾನೂ ಹಿಂದೆ ನಿಂತು, ಗಡ್ಡೆಯು ನೀರನ್ನು ಸಂಗ್ರಹಿಸುವ ಕ್ರಮವನ್ನು ಶಾಸ್ತ್ರೀಯವಾಗಿ ವಿವರಿಸತೊಡಗಿದೆ. ಐದು ನಿಮಿಷ ಕೇಳಿದ ಮೇಲೆ ಕಾಂಬಳೆಯವರು ಬಹಳ ಮರ್ಯಾದೆಯಿಂದ ಹೇಳಿದರು:

"ಸರ್, ಒಂಚೂರು ಈ ಕಡೆ ಸರದು ನಿಂದರ್ರಿ. ಗಿಡದ ಮ್ಯಾಲೆ ನಿಮ್ಮ ನೆರಳ ಬೀಳಾಕತ್ತೈತಿ."

ನಾನು ಸರಿದು ನಿಂತೆ.