ಗೇಟು ದಾಟೋಗಂಟ ಗ್ಯಾರಂಟಿ

ಕಬ್ಬಿಣ ಕಡೆಯೋ ಲೇತ್ ಇಟ್ಟುಕೊಂಡವನ ಅಂಗಡಿಗೆ ಬರೋ ಸಾಮಾನೆಲ್ಲ ಮುರಿದದ್ದೇ. ಚೆನ್ನಾಗಿರೋದನ್ನ ತಂದು ತೋರಿಸಿ ಹೋಗೋಕೆ ನಾನೇನು ಅವರ ಸೋದರಮಾವನಾ? ಆದರೆ ಮುರಿದದ್ದರ ಜೊತೆಗೆ ಒಂದೊಂದು ಕಥೆಯೂ ನನಗೇ ಯಾಕೆ ಗಂಟುಬೀಳುತ್ತಿತ್ತೋ, ಇವತ್ತಿಗೂ ತಿಳಿದಿಲ್ಲ. ಒಂದು ಮರೆಯೋಷ್ಟರಲ್ಲಿ ಇನ್ನೊಂದು ಕುಂಟಿಕೊಂಡು ಬಾಗಿಲಿಗೆ ಬಂದಿರುತ್ತಿತ್ತು.

೧. ಅರ್ಧ ಗಾಡಿ

ನನ್ನ ಅಂಗಡಿ ಇದ್ದದ್ದು ಜೂಜುವಾಡಿಯಲ್ಲಿ, ಚೆಕ್‌ಪೋಸ್ಟಿಗೆ ನಾಲ್ಕು ಹೆಜ್ಜೆ ಈಚೆ. ಗೇಟಿನ ಈ ಕಡೆ ತಮಿಳುನಾಡು, ಆ ಕಡೆ ಕರ್ನಾಟಕ. ಎಪ್ಪತ್ತರ ದಶಕದಲ್ಲಿ ರಸ್ತೆ ಮೇಲೆ ಓಡುತ್ತಿದ್ದ ಲಾರಿಗಳಲ್ಲಿ ಅರ್ಧಕ್ಕರ್ಧ ಮುದಿಗಾಡಿಗಳು. ಅವುಗಳ ಬಿಡಿಭಾಗ ಮಾಡೋದನ್ನ ಕಂಪನಿಯವರು ಯಾವತ್ತೋ ಬಿಟ್ಟಿದ್ದರು. ಪಿನ್ನು, ಬುಷ್ಷು ಬೇಕಾದರೆ ನಾವೇ ಕಡೆದು ಕೊಡಬೇಕು. ಕೊಟ್ಟಮೇಲೆ ಎಲ್ಲ ಡ್ರೈವರುಗಳೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಗ್ಯಾರಂಟಿ ಎಷ್ಟು ದಿನ ಅಂತ. ಅದಕ್ಕೆ ನಮ್ಮ ಸಾಲಿನ ಲೇತ್ ಅಂಗಡಿಯವರೆಲ್ಲ ಹೇಳುತ್ತಿದ್ದದ್ದೂ ಒಂದೇ ಮಾತು: ಗೇಟು ದಾಟೋಗಂಟ ಗ್ಯಾರಂಟಿ. ದಾಟಿದ ಮೇಲೆ ಅದು ಬೇರೆ ರಾಜ್ಯ, ವಾಪಸ್ ಬಂದು ಕೇಳೋ ಹಾಗಿಲ್ಲ.

ಒಂದು ದಿನ ನಾನು ಪಿನ್ನು ಹಾಕಿ ಕಳಿಸಿದ ಗಾಡಿ ಸರಿಯಾಗಿ ಗೇಟಿನ ಕೆಳಗೇ ಕುಸಿದು ಕೂತಿತು. ಮುಂದಿನ ಚಕ್ರ ಆ ಕಡೆ, ಹಿಂದಿನ ಚಕ್ರ ಈ ಕಡೆ. ಡ್ರೈವರು ಇಳಿದು, ಬೀಡಿ ಹಚ್ಚಿ, ಸಾವಕಾಶವಾಗಿ ಅಂಗಡಿಗೆ ನಡೆದು ಬಂದ. ಗಾಡಿ ಗೇಟು ದಾಟಿದೆ ಅಂತ ನಾನು ಮೊದಲೇ ಶುರುಮಾಡಿದೆ. ಅವನು ನನ್ನ ಮಾತು ಮುಗಿಯೋವರೆಗೂ ಕಾದು ಹೇಳಿದ:

"ಗಾಡಿ ದಾಟೈತೆ ಕಣ್ಲಾ, ನಾನಿಲ್ಲ ಅನ್ನಲ್ಲ. ಆದ್ರೆ ಮುರಿದಿರೋದು ಹಿಂದಿನ ಪಿನ್ನು. ಅದಿನ್ನೂ ಈ ಕಡೇನೇ ಐತೆ."

ಇನ್ನೊಂದು ಪಿನ್ನು ಪುಕ್ಕಟೆ ಕಡೆದುಕೊಟ್ಟೆ. ಆ ಡ್ರೈವರು ನಮ್ಮೂರಿನವನೇ, ನಮ್ಮಪ್ಪನಿಗಿಂತ ಎರಡು ವರ್ಷ ದೊಡ್ಡವನು. ಅವತ್ತಿನಿಂದ ಅವನನ್ನ ದೊಡ್ಡಪ್ಪ ಅಂತ ಕರೆಯೋಕೆ ಶುರುಮಾಡಿದೆ. ಹಾಗೆ ಕರೆದರಾದರೂ ಸ್ವಲ್ಪ ಕರುಣೆ ತೋರಿಸಲಿ ಅಂತ.

೨. ಕಾಲು ಬೇಡದ ಲಾರಿ

ಒಂದೆರಡು ವರ್ಷ ಕಳೆಯೋಷ್ಟರಲ್ಲಿ ಕೃಷ್ಣಗಿರಿ ಹತ್ತಿರ ಚಪ್ಪಡಿ ಇಳಿಸುವಾಗ ಒಂದು ಕಲ್ಲು ಜಾರಿ ದೊಡ್ಡಪ್ಪನ ಬಲಗಾಲಿನ ಮೇಲೆ ಬಿತ್ತು. ಕಾಲು ಉಳಿಯಿತು, ಬ್ರೇಕ್ ಒತ್ತುವ ಶಕ್ತಿ ಉಳಿಯಲಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯನಿಗೆ ಮನೆ ಜಗಲಿ ಮೇಲೆ ಕೂತು, ಹೋಗೋ ಬರೋ ಗಾಡಿ ನೋಡುವುದೇ ಕೆಲಸವಾಯಿತು. ಆಮೇಲೆ ನೋಡೋದನ್ನೂ ಬಿಟ್ಟು ಗೋಡೆ ಕಡೆ ತಿರುಗಿ ಕೂರತೊಡಗಿದ. ದೊಡ್ಡಮ್ಮ ನನ್ನ ಅಂಗಡಿಗೆ ಬಂದು, ನಿಮ್ಮ ದೊಡ್ಡಪ್ಪ ಬೈದು ಆರು ತಿಂಗಳಾಯ್ತು ಕಣಪ್ಪ, ನಂಗೆ ಭಯ ಆಯ್ತದೆ ಅಂದಳು. ಬೈಯದ ಗಂಡನಿಗಾಗಿ ಅತ್ತ ಹೆಂಗಸನ್ನ ನಾನು ನೋಡಿದ್ದು ಅವಳೊಬ್ಬಳನ್ನೇ.

ಎಂಬತ್ತರ ದಶಕ ಶುರುವಾಗಿತ್ತು. ಒಂದು ಕಾಲದಲ್ಲಿ ಅವನ ಲಾರಿಯಲ್ಲೇ ಕ್ಲೀನರ್ ಆಗಿದ್ದು, ಅವನಿಂದಲೇ ಡ್ರೈವಿಂಗ್ ಕಲಿತು ಮಸ್ಕತ್ತಿಗೆ ಹೋಗಿದ್ದವನು ರಜಾಕ್ಕೆ ಬಂದ. ಬರುವಾಗ ಗುರುದಕ್ಷಿಣೆ ಅಂತ ಒಂದು ಆಟದ ಲಾರಿ ತಂದ. ಮೊಳದುದ್ದದ ಲಾರಿ, ರಿಮೋಟಿನಲ್ಲಿ ಓಡೋದು. ಕೈಯಲ್ಲಿ ಏರಿಯಲ್ ಇರೋ ಪೆಟ್ಟಿಗೆ ಹಿಡಿದು ಕಡ್ಡಿ ತಿರುಗಿಸಿದರೆ ಗಾಡಿ ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ. ದೊಡ್ಡಪ್ಪ ಅದನ್ನ ತಿರುಗಿಸಿ ಮುರುಗಿಸಿ ನೋಡಿ, ಕ್ಲಚ್ ಎಲ್ಲಿ ಅಂತ ಕೇಳಿದನಂತೆ. ಇದಕ್ಕೆ ಕ್ಲಚ್ಚೂ ಇಲ್ಲ, ಕಾಲೂ ಬೇಡ ಅಂತ ಶಿಷ್ಯ ಹೇಳಿದ.

ಮಾರನೆಯ ದಿನ ದೊಡ್ಡಮ್ಮ ಓಡಿ ಬಂದಳು. ಮುಖ ಮೊರದಗಲ. ಅಂಗಳದಲ್ಲಿ ಗಾಡಿಗೆ ಅಡ್ಡ ಬಂದಳಂತೆ, ಅವನು ಬಾಯಿಗೆ ಬಂದಂಗೆ ಬೈದನಂತೆ.

೩. ಸಿಗದ ಸಾಮಾನಿನ ಬೆಲೆ

ಹದಿನೈದೇ ದಿನಕ್ಕೆ ಗಾಡಿ ನಿಂತಿತು. ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಗೇರಿಗೆ ಹಲ್ಲೇ ಇಲ್ಲ. ಬೆಂಗಳೂರಿನ ಆಟದ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಅಂಥ ಗಾಡಿಯೇ ಇಲ್ಲಿಗೆ ಬಂದಿಲ್ಲ, ಅದರ ಗೇರು ಎಲ್ಲಿಂದ ತರೋಣ ಅಂದರು. ಒಬ್ಬ ಮಾತ್ರ ಹೊರದೇಶದಿಂದ ತರಿಸಿಕೊಡ್ತೀನಿ ಅಂತ ಒಂದು ರೇಟು ಹೇಳಿದ. ಆ ರೇಟಿಗೆ ನಿಜವಾದ ಲಾರಿಯ ಗೇರ್‌ಬಾಕ್ಸನ್ನೇ ಬಿಚ್ಚಿಸಿ ಕಟ್ಟಿಸಬಹುದಿತ್ತು.

ನಾನೇ ಹಿತ್ತಾಳೆಯಲ್ಲಿ ಕಡೆದೆ. ಅವರೆಕಾಳಿನಷ್ಟು ಗೇರು, ಅದಕ್ಕೆ ಹದಿನಾಲ್ಕು ಹಲ್ಲು. ಒಂದೊಂದನ್ನೂ ಮೂರುಮೂಲೆ ಅರದಲ್ಲಿ ಉಜ್ಜಿ ಬಿಡಿಸೋಷ್ಟರಲ್ಲಿ ಒಂದೂವರೆ ದಿನ ಹೋಯಿತು. ನಮ್ಮ ಕಸುಬಿನಲ್ಲಿ ಬೆಲೆ ಹೇಳೋದು ಅಳತೆ ಮೇಲೆ, ಬೆರಳುದ್ದಕ್ಕೆ ಇಷ್ಟು, ಗೇಣುದ್ದಕ್ಕೆ ಇಷ್ಟು. ಅವರೆಕಾಳಿಗೆ ಏನು ಹೇಳೋದು? ಎರಡು ರೂಪಾಯಿ ಅಂದೆ.

ದೊಡ್ಡಪ್ಪ ಗೇರನ್ನ ಮೂಸಿ ನೋಡಿ ಕೆಳಗಿಟ್ಟ. ಡೂಪ್ಲಿಕೇಟ್ ಅಂದ. ಎಲ್ಲೂ ಸಿಗದ ಸಾಮಾನಿಗೆ ಎರಡು ರೂಪಾಯಿ ಹೇಳೋನು ಕಳ್ಳನಾಗಿರಬೇಕು, ಇಲ್ಲ ಸಾಮಾನು ಕೆಟ್ಟದ್ದಿರಬೇಕು. ಇದು ಅವನು ಮೂವತ್ತು ವರ್ಷ ಸ್ಪೇರ್ ಅಂಗಡಿಗಳಲ್ಲಿ ನಿಂತು ಕಲಿತ ಪಾಠ. ನಾನು ಎಷ್ಟು ಹೇಳಿದರೂ ಆ ಗೇರನ್ನ ಗಾಡಿಗೆ ಹಾಕಿಸಲಿಲ್ಲ. ತಿರುಗಿ ಗೋಡೆ ಕಡೆ ಮುಖ.

ಮೂರು ದಿನ ಬಿಟ್ಟು ಅದೇ ಗೇರಿಗೆ ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಇದು ಒರಿಜಿನಲ್, ಮೂವತ್ತು ರೂಪಾಯಿ, ಒಂದು ಪೈಸೆ ಕಮ್ಮಿ ಇಲ್ಲ ಅಂದೆ. ದೊಡ್ಡಪ್ಪನ ಕಣ್ಣಿಗೆ ಬೆಳಕು ಬಂತು. ಅರ್ಧ ಗಂಟೆ ಚೌಕಾಸಿ ಮಾಡಿ, ನನ್ನ ವಂಶವನ್ನೆಲ್ಲ ಜಾಲಾಡಿ, ಹದಿನೈದಕ್ಕೆ ಇಳಿಸಿ ಗೆದ್ದ. ಹದಿಮೂರನ್ನ ಹಿತ್ತಲ ಬಾಗಿಲಲ್ಲಿ ದೊಡ್ಡಮ್ಮನ ಕೈಗೆ ವಾಪಸ್ ಕೊಟ್ಟೆ. ಅವಳು ಅದನ್ನ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, ಮುಂದಿನ ಸಲ ಐವತ್ತು ಹೇಳಪ್ಪ, ಇನ್ನೂ ಖುಷಿಯಾಯ್ತಾರೆ ಅಂದಳು.

೪. ಖಾಲಿ ಓಡಿಸೋ ದರಿದ್ರ

ಹಿತ್ತಾಳೆ ಗೇರು ಗಟ್ಟಿ, ನಾಲ್ಕು ವರ್ಷ ಬರುತ್ತೆ ಅಂದುಕೊಂಡಿದ್ದೆ. ಗೇರಿಗೇನೂ ಆಗಲಿಲ್ಲ, ಪಕ್ಕದ ಪ್ಲಾಸ್ಟಿಕ್ ಗೇರು ಸತ್ತಿತು. ಅದನ್ನೂ ಹಿತ್ತಾಳೆಯಲ್ಲಿ ಮಾಡಿದೆ. ಆಗ ಆಕ್ಸೆಲ್ ಬಾಗಿತು. ಉಕ್ಕಿನ ಆಕ್ಸೆಲ್ ಹಾಕಿದರೆ ಅದು ಕೂರೋ ತೂತು ಹರಿಯಿತು. ಒಂದು ಭಾಗವನ್ನ ಗಟ್ಟಿ ಮಾಡೋದು ಅಂದರೆ ಮುರಿಯೋದನ್ನ ಪಕ್ಕದ ಮನೆಗೆ ಕಳಿಸೋದು ಅಂತ ನನಗೆ ಗೊತ್ತಾದದ್ದು ಆಗಲೇ. ನಮ್ಮ ಸಂಸಾರಗಳಲ್ಲೂ ಹಾಗೇ. ಮನೆಯಲ್ಲಿ ಒಬ್ಬರು ಬಲು ಗಟ್ಟಿ ಇದ್ದರೆ ಅವರ ಪಕ್ಕದಲ್ಲಿರೋರನ್ನ ವಿಚಾರಿಸಬೇಕು.

ಆದರೂ ಇಷ್ಟು ಬೇಗ ಯಾಕೆ ಹೋಗುತ್ತೆ ಅಂತ ಒಂದು ದಿನ ಹೇಳದೆ ಕೇಳದೆ ಅವನ ಮನೆಗೆ ಹೋದೆ. ಅಂಗಳದಲ್ಲಿ ಲಾರಿ ಉಸ್ಸಪ್ಪಾ ಅಂತ ಏರು ಹತ್ತುತ್ತಿದೆ. ಹಿಂದೆ ಗೋಪುರದ ಹಾಗೆ ಲೋಡು, ಮೇಲೆ ಟಾರ್ಪಾಲು, ಅದಕ್ಕೆ ಹಗ್ಗ, ಹಗ್ಗಕ್ಕೆ ಲಾರಿಯವರು ಹಾಕೋ ಗಂಟು. ಬಿಚ್ಚಿ ನೋಡಿದರೆ ಎರಡು ಸೇರು ರಾಗಿ.

ಇದು ಆಟದ ಗಾಡಿ ದೊಡ್ಡಪ್ಪ, ಬರೀ ತನ್ನ ಮೈ ಹೊತ್ತರೆ ಸಾಕು ಅಂದೆ. ಅವನಿಗೆ ಅವಮಾನವಾದ ಹಾಗಾಯಿತು. ಖಾಲಿ ಗಾಡಿ ಓಡಿಸೋದು ದರಿದ್ರ, ತನ್ನ ಸರ್ವೀಸಿನಲ್ಲಿ ಒಂದು ಟ್ರಿಪ್ಪೂ ಖಾಲಿ ಹೊಡೆದಿಲ್ಲ ಅಂದ. ಬಹಳ ಹೊತ್ತು ವಾದ ಮಾಡಿ, ಕೊನೆಗೆ ಪುರಿ, ಅಂದರೆ ಮಂಡಕ್ಕಿ, ಲೋಡಿಗೆ ಒಪ್ಪಿಸಿದೆ. ನೋಡೋಕೆ ಗಾಡಿ ತುಂಬಾ ಇರುತ್ತೆ, ತೂಕ ಇಲ್ಲ. ಕೆಲಮಂಗಲದ ಸಂತೆಯಿಂದ ಪುರಿ ಬಂತು. ಆಮೇಲೆ ಎರಡು ತಿಂಗಳು ಏನೂ ಮುರಿಯಲಿಲ್ಲ. ಅವನು ಮಾತ್ರ ಪ್ರತಿ ತಿರುವಿನಲ್ಲೂ ಪೂರ್ತಿ ಸ್ಲೋ ಮಾಡುತ್ತಿದ್ದ. ಯಾಕೆ ಅಂತ ಕೇಳಿದರೆ, ಪುರಿ ಲೋಡು ಗಾಳಿಗೆ ವಾಲ್ತದೆ, ನಿಂಗೇನ್ಲಾ ಗೊತ್ತು ಅಂದ.

೫. ಸ್ಟೆಪ್ನಿ

ಟಯರು ಸವೆದು ನುಣ್ಣಗಾದಾಗ ದೊಡ್ಡಪ್ಪ ನನ್ನ ತನಕ ಬರಲೇ ಇಲ್ಲ, ತಾನೇ ಹೊಂದಿಸಿಕೊಂಡ. ಗೊತ್ತಾದದ್ದು ದೊಡ್ಡಮ್ಮ ಒಂದು ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಬಂದಾಗ. ಇನ್ನೊಂದು ಕಾಲಿನ ಚಪ್ಪಲಿ ಆರು ಟಯರಾಗಿ ಅಂಗಳದಲ್ಲಿ ಓಡುತ್ತಿತ್ತು. ಉಳಿದದ್ದರಿಂದ ಇನ್ನೇನು ಪ್ರಯೋಜನ, ಅದನ್ನೂ ಕೊಟ್ಟುಬಿಡಬಾರದಾ ಅಂತ ನಾನು ನಗುತ್ತಾ ಕೇಳಿದೆ. ಅವಳು ಗಂಭೀರವಾಗಿ, ಅದು ಸ್ಟೆಪ್ನಿ ಕಣಪ್ಪ, ಜೋಪಾನವಾಗಿ ಹಾಕ್ಕೊಂಡು ತಿರುಗು ಅಂದವ್ರೆ ಅಂದಳು.

೬. ಗೇಟು

ಒಂದು ದಿನ ದೊಡ್ಡಪ್ಪ ಹೊಸ ಆಸೆ ಹೇಳಿದ. ಕಾಲು ಹೋದಮೇಲೆ ಗೇಟು ದಾಟಿಲ್ಲ, ಒಂದು ಸಲ ಲೋಡು ತಗೊಂಡು ದಾಟಬೇಕು. ನಾನು ನಕ್ಕೆ. ಅವನು ನಗಲಿಲ್ಲ.

ಆ ಓಟಕ್ಕೆ ಅಂತಲೇ ಹೊಸ ಗೇರು ಕಡೆಯೋಕೆ ಕೂತೆ. ಅಷ್ಟು ಜಾಗ್ರತೆಯಿಂದ ನಾನು ಯಾವ ಲಾರಿಗೂ ಕೆಲಸ ಮಾಡಿಲ್ಲ. ದೊಡ್ಡಮ್ಮ ಪಕ್ಕದಲ್ಲೇ ನಿಂತಿದ್ದಳು.

"ನೋಡಪ್ಪ, ಗೇಟಿನ ಆ ಕಡೆ ನಿಂತ್ರೂ ಚಿಂತೆ ಇಲ್ಲ. ಈ ಕಡೆ ನಿಂತುಬುಟ್ರೆ ಅವರು ತಿರುಗಾ ಗೋಡೆ ಕಡೆ ಕೂತ್ಬುಡ್ತಾರೆ. ಆಮೇಲೆ ನಾನು ಯಾರ ಕೈಲಿ ಬೈಸ್ಕೊಳ್ಳಲಿ?"

ಬೆಳಗ್ಗೆ ಹೊರಟೆವು. ಮುಂದೆ ಪುರಿ ಲೋಡಿನ ಲಾರಿ, ಅದರ ಹಿಂದೆ ಕೋಲೂರಿಕೊಂಡು, ಕೊರಳಿಗೆ ರಿಮೋಟ್ ನೇತುಹಾಕಿಕೊಂಡ ದೊಡ್ಡಪ್ಪ, ಅವನ ಹಿಂದೆ ಸ್ಟೆಪ್ನಿ ಹಾಕಿಕೊಂಡ ದೊಡ್ಡಮ್ಮ, ಕೊನೆಗೆ ಸ್ಕ್ರೂಡ್ರೈವರ್ ಹಿಡಿದ ನಾನು. ಗೇಟಿನ ಮುಂದೆ ಹುಣಸೆಹಣ್ಣಿನ ಲಾರಿಯೊಂದು ನಿಂತಿತ್ತು. ದೊಡ್ಡಪ್ಪ ತನ್ನ ಗಾಡಿಯನ್ನ ಅದರ ಹಿಂದೆ ತಂದು ಸಾಲಿಗೆ ನಿಲ್ಲಿಸಿದ. ಗೇಟಿನ ಅಡ್ಡಗಂಬ ಎದೆ ಎತ್ತರದಲ್ಲಿದೆ, ನಿನ್ನ ಗಾಡಿ ಮೊಳಕಾಲಿಗೂ ಬರಲ್ಲ, ಕೆಳಗೆ ನುಗ್ಗಿಸಿಬಿಡು ಅಂದೆ. ತಾನು ಒಂದು ದಿನವೂ ಗೇಟಿನಲ್ಲಿ ನುಗ್ಗಿದವನಲ್ಲ ಅಂದ. ಅಷ್ಟರಲ್ಲಿ ನಮ್ಮ ಹಿಂದೆ ಆರೇಳು ಲಾರಿ ಸೇರಿ ಹಾರನ್ ಶುರುವಾಗಿತ್ತು.

ಹುಣಸೆಹಣ್ಣು ಹೋಯಿತು. ಅಡ್ಡಗಂಬ ಇಳಿಯಿತು. ನಮ್ಮ ಸರದಿ. ಗೇಟಿನಲ್ಲಿದ್ದವನು ಆ ವಾರವಷ್ಟೇ ಮದುರೆ ಕಡೆಯಿಂದ ಬಂದ ಹೊಸಬ, ಕನ್ನಡ ಬಾರದವನು. ಪುಸ್ತಕ ಹಿಡಿದು ಬಂದ, ಎದುರಿಗೆ ಲಾರಿ ಕಾಣಲಿಲ್ಲ. ಆಮೇಲೆ ಕೆಳಗೆ ನೋಡಿದ. ದೊಡ್ಡಪ್ಪನ ಕಾಲು ನೋಡಿದ, ಮುಖ ನೋಡಿದ. ಇವನೊಬ್ಬ ನಕ್ಕುಬಿಟ್ಟರೆ ಮುಗಿಯಿತು, ಇನ್ನು ಯಾವ ಗೇರು ಕಡೆದೂ ಪ್ರಯೋಜನವಿಲ್ಲ ಅಂದುಕೊಂಡೆ.

ಅವನು ನಗಲಿಲ್ಲ. ಎಲ್ಲ ಗಾಡಿಗೂ ಕೇಳೋ ದನಿಯಲ್ಲೇ, ಏನು ಲೋಡು ಅಂತ ತಮಿಳಿನಲ್ಲಿ, "ಎನ್ನ ಲೋಡು?" ಅಂದ.

ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿ, ತಮಿಳಲ್ಲೇ "ಪೊರಿ, ಸಾರ್" ಅಂದ.

ಅವನು ಕುಕ್ಕರಗಾಲಲ್ಲಿ ಕೂತು ಟಾರ್ಪಾಲಿನ ಮೂಲೆ ಎತ್ತಿ, ನಾಲ್ಕು ಕಾಳು ಪುರಿ ಬಾಯಿಗೆ ಹಾಕಿಕೊಂಡು, ತಲೆ ಆಡಿಸಿ ಎದ್ದ. ಅಡ್ಡಗಂಬವನ್ನ ಸ್ವಲ್ಪ ಎತ್ತಿದ್ದರೂ ನಡೀತಿತ್ತು, ಎತ್ತದಿದ್ದರೂ ನಡೀತಿತ್ತು. ಆ ಪುಣ್ಯಾತ್ಮ ಅದನ್ನ ಪೂರ್ತಿ ಆಕಾಶಕ್ಕೆ ಎತ್ತಿದ. ದೊಡ್ಡಪ್ಪ ಒಂದು ಕೈ ಎತ್ತಿ ಅವನಿಗೆ ಸಲಾಂ ಹೊಡೆದು, ಕಡ್ಡಿ ತಿರುಗಿಸಿದ. ನನಗೂ ದೊಡ್ಡಮ್ಮನಿಗೂ ಕಣ್ಣು ಮಂಜಾಗಿ, ಗಾಡಿ ದಾಟಿದ್ದು ಸರಿಯಾಗಿ ಕಾಣಲೇ ಇಲ್ಲ.

ಕೇಳಿಸಿತು ಮಾತ್ರ. ಗೇಟು ದಾಟಿ ಒಂದು ಮೊಳ ಹೋದಮೇಲೆ ಕಟ್ ಅಂತ ಸದ್ದು. ಗೇರು ಹೋಯಿತು. ಗಾಡಿ ರಸ್ತೆ ನಡುವೆ ನಿಂತಿತು. ಹಿಂದಿನ ಲಾರಿಗಳ ಡ್ರೈವರುಗಳು ಬೈಯೋಕೆ ಅಂತ ಇಳಿದು ಬಂದು, ದೊಡ್ಡಪ್ಪನ ಗುರುತು ಹತ್ತಿ ಪಕ್ಕಕ್ಕೆ ಸರಿದು ನಿಂತರು. ನಾನು ತಲೆ ತಗ್ಗಿಸಿ ನಿಂತೆ. ದೊಡ್ಡಪ್ಪ ಕುಂಟುತ್ತಾ ಗಾಡಿ ಹತ್ತಿರ ಹೋಗಿ ಬಗ್ಗಿ ನೋಡಿದ. ಹಿಂದಿನ ಚಕ್ರ ಎಲ್ಲಿದೆ, ಗೇಟು ಎಲ್ಲಿದೆ ಅಂತ ಕೋಲಿನಲ್ಲಿ ಅಳೆದ. ಆಮೇಲೆ ನನ್ನ ಕಡೆ ತಿರುಗಿದ. ಮುಖದ ತುಂಬಾ ನಗು.

"ನಿನ್ನ ಮೇಲೆ ಕಂಪ್ಲೇಂಟಿಲ್ಲ ಕಣ್ಲಾ. ಈ ಸಲ ಹಿಂದಿನ ಚಕ್ರಾನೂ ದಾಟ್ಬುಟ್ಟೈತೆ."