ಹುಲ್ಲೂರಿನ ಪಾಟೀಲರು ಉಪವಾಸದಿಂದ ತೀರಿಕೊಂಡದ್ದು

ನಾನು ಸತ್ತದ್ದು ಹೋದ ಶನಿವಾರ ಸಂಜೆ. ಕಟ್ಟಿಕೊಂಡ ಹೆಂಡತಿ ಬಿದ್ದು ಬಿದ್ದು ನಕ್ಕಳು. ಹೆತ್ತ ತಾಯಿ ಇನ್ನೊಂದು ರೊಟ್ಟಿ ಬೇಕೇನು ಎಂದು ಕೇಳಿದಳು. ಇಂಥ ಮನೆಯಲ್ಲಿ ಮನುಷ್ಯ ಸಾಯುವುದಾದರೂ ಹೇಗೆ? ನೀವು ಗಾಬರಿಯಾಗಬೇಡಿ. ಸಾವಕಾಶ ಹೇಳುತ್ತೇನೆ, ಕೂತು ಕೇಳಿ.

ಹುಲ್ಲೂರು ಎಂದೊಂದು ಊರು. ನಕಾಶೆಯಲ್ಲಿ ಹುಡುಕಬೇಡಿ, ಅದಿರುವುದು ಇಂಟರ್ನೆಟ್ಟಿನೊಳಗೆ. ಅದೊಂದು ಆಟ. ಪುಣೆ, ಧಾರವಾಡ, ಬೆಳಗಾವಿಯ ನಮ್ಮ ಮಂದಿ ತಂತಮ್ಮ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಆ ಊರಿನಲ್ಲಿ ಒಂದೊಂದು ವೇಷ ತೊಡುತ್ತಾರೆ. ಪುಣೆಯ ಕೋಥರೂಡಿನ ನಮ್ಮ ಸೊಸೈಟಿಯ ಕೆಳಗಿನ ಮನೆಯ ವಿಕಾಸ ಅಲ್ಲಿ ಕುಂಬಾರ. ನನ್ನ ಹೆಂಡತಿ ಮಂಜರಿ ಮಿರ್ಚಿ-ಮಂಡಕ್ಕಿ ಅಂಗಡಿಯ ಒಡತಿ. ನಾನು? ಪಾಟೀಲ, ಅಂದರೆ ಊರಿನ ಗೌಡ! ಊರಿಗೆ ಊರೇ ಕೈಯೆತ್ತಿ ನನ್ನನ್ನು ಆರಿಸಿತ್ತು. (ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು ಎಂದು ಮಂಜರಿ ಹೇಳುತ್ತಾಳೆ. ನಂಬಬೇಡಿ.) ವಿಮಾನ ನಗರದ ನನ್ನ ಆಫೀಸಿನಲ್ಲಿ ಪ್ರಿಂಟರ್ ಕೂಡ ನನ್ನ ಮಾತು ಕೇಳುವುದಿಲ್ಲ. ಹುಲ್ಲೂರಿನಲ್ಲಿ ಮಾತ್ರ ನಾನು ಹೇಳಿದ್ದೇ ಕಾನೂನು. ಈ ಜನ್ಮದಲ್ಲಿ ನನಗೆ ದಕ್ಕಿದ ಸಿಂಹಾಸನ ಅದೊಂದೇ.

ಆದರೆ ಆ ಊರಿನ ಅನಾಚಾರ ಏನೆಂದು ಹೇಳಲಿ! ಅಲ್ಲಿ ಕುದುರೆ ಹಾರುತ್ತದೆ. ನಾನು ದಿನಾ ಕೋಥರೂಡಿನಿಂದ ವಿಮಾನ ನಗರದವರೆಗೆ ಸ್ಕೂಟರಿನ ಮೇಲೆ ಕೂತು ಪುಣೆಯ ಹೊಗೆಯನ್ನೆಲ್ಲ ಕುಡಿಯಬೇಕು, ಇವರು ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಕೋಟೆ ಮುಟ್ಟಬೇಕು! ಯಾರೂ ಹಸಿವೆಗೆಂದು ಉಣ್ಣುವುದಿಲ್ಲ, ಮಿರ್ಚಿ ತಿಂದರೂ ಬರೀ ಬಾಯಿಚಪಲಕ್ಕೆ. ಗುಡ್ಡದಿಂದ ಬಿದ್ದು ಸತ್ತವನು ಧೋತರ ಝಾಡಿಸಿಕೊಂಡು ಎದ್ದು ಬಂದು ಬಿಸಿ ಮಿರ್ಚಿ ಕೇಳುತ್ತಾನೆ. ಇದಕ್ಕೆ ಊರು ಅನ್ನುತ್ತಾರೆಯೇ?

ಆಟದ ನಿಯಮ ಬದಲಿಸುವ ಕೀಲಿ ಇರುವುದು ಪಾಟೀಲನ ಕೈಯಲ್ಲಿ. ನಾನು ಚಾವಡಿಯ ಕಟ್ಟೆಯ ಮೇಲೆ ನಿಂತು ರಾಜಶಾಸನ ಹೊರಡಿಸಿದೆ. ಕುದುರೆಗಳು ನೆಲದ ಮೇಲೆಯೇ ಓಡತಕ್ಕದ್ದು, ಮೇವನ್ನೂ ತಿನ್ನತಕ್ಕದ್ದು. ಪ್ರಜೆಗಳು ಹೊತ್ತಿಗೆ ಸರಿಯಾಗಿ ಉಣ್ಣತಕ್ಕದ್ದು, ಉಣ್ಣದವರು ಸಾಯತಕ್ಕದ್ದು. ಸತ್ತವರು ಕೂಸಾಗಿಯೇ ಹುಟ್ಟಿ, ನಾವು ನೀವು ಬೆಳೆದ ಹಾಗೆ ವರ್ಷಗಟ್ಟಲೆ ಬೆಳೆಯತಕ್ಕದ್ದು.

ಮಂಜರಿ ಕಂಪ್ಯೂಟರ್ ಬಿಟ್ಟು ನನ್ನ ಕಡೆಗೇ ತಿರುಗಿದಳು.

"ಏನ್ರೀ, ತಲಿ ನೆಟ್ಟಗದ ಇಲ್ಲೋ? ಆಫೀಸು, ಅಡಗಿ ಎಲ್ಲಾ ಮುಗಿಸಿ ಅಲ್ಲಿ ಹೋಗಿ ಒಂಚೂರು ಹಾರಾಡ್ತೇವಿ. ಅಲ್ಲೂ ರೊಟ್ಟಿ ಬಡೀಬೇಕೇನು?"

"ಖರೇ ಅನ್ನಿಸಬೇಕಂದ್ರ ಬಡೀಬೇಕು."

"ಖರೇನ ಬೇಕಂದ್ರ ಅಡಗಿಮನಿ ಇಲ್ಲೇ ಅದ, ಬರ್ರಿ. ಹಿಟ್ಟು ನಾದಿ ಕೊಡ್ತೀನಿ."

(ಪಾಟೀಲರು ಎಲ್ಲ ಪ್ರಜೆಗಳಿಗೂ ಉತ್ತರ ಕೊಡುತ್ತ ಕೂರುವುದಿಲ್ಲ.)

ಮರುದಿನ ವಿಕಾಸನ ಫೋನು. "ಪಾಟೀಲ್ರ, ಗಡಿಗಿ ಮಾಡೂದು ಬಿಟ್ಟು ಬರೇ ಹುಲ್ಲು ಕೊಯ್ಲಿಕ್ಕತ್ತೇನ್ರಿ. ಕುದ್ರಿ ಹೊಟ್ಟಿ ತುಂಬವಲ್ದು. ಇದೆಂಥಾ ಆಟರೀ?"

"ಮತ್ತ ಊರಿನ ಹೆಸರ ಹುಲ್ಲೂರ ಅಲ್ಲೇನಪಾ?" ಎಂದೆ. ಆತ ನಗಲಿಲ್ಲ. ಸುಧಾರಕರಿಗೆ ಯಾವ ಕಾಲದಲ್ಲಿಯೂ ಇದೇ ಗತಿ.

ಶನಿವಾರ ಹೊಸ ಕೆರೆಯ ಉದ್ಘಾಟನೆ. ಪ್ರಜೆಗಳೆಲ್ಲ ಕಾಲ್ನಡಿಗೆಯಲ್ಲಿ ಏದುಸಿರು ಬಿಡುತ್ತ ಬಂದು ದಂಡೆಯ ಮೇಲೆ ನಿಂತಿದ್ದರು. ನಾನು ರುಮಾಲು ಸುತ್ತಿ, ಕುದುರೆಗೆ ಹೊಟ್ಟೆ ತುಂಬ ಮೇವು ಹಾಕಿ, ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನಮ್ಮ ಅವ್ವ ರಾಧಾಬಾಯಿ ಅಡುಗೆಮನೆಯಿಂದ ಕೂಗಿದಳು.

"ದಿಗಂಬ್ಯಾ, ರೊಟ್ಟಿ ಆರ್ತಾವ. ಬಾ!"

ಬದನೆಕಾಯಿ ಎಣ್ಣೆಗಾಯಿಯ ವಾಸನೆ ಆಗಲೇ ಭಾಷಣದೊಳಗೆ ಹೊಕ್ಕಿತ್ತು. ಈಗ ಬಂದೆ ಎಂದು ಪ್ರಜೆಗಳಿಗೆ ಹೇಳಿ ಎದ್ದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ತೇಗುತ್ತ, ಕೈ ಒರೆಸಿಕೊಳ್ಳುತ್ತ ಬಂದು ನೋಡಿದರೆ, ಪಾಟೀಲ ಕುದುರೆಯ ಕಾಲ ಬುಡದಲ್ಲಿ ಅಂಗಾತ ಬಿದ್ದಿದ್ದ! ಪರದೆಯ ಮೇಲೆ ಅಕ್ಷರ: 'ಪಾಟೀಲ ದಿಗಂಬರರು ಉಪವಾಸದಿಂದ ಕಾಲವಾದರು.' ಕುದುರೆಗೆ ಹಾಕಿದ್ದೆ, ನಾನು ತಿಂದಿದ್ದೆ. ಆತನಿಗೆ ಉಣಿಸುವುದೇ ಮರೆತುಹೋಗಿತ್ತು.

"ಅತ್ಯಾ!" ಮಂಜರಿ ಹೊಟ್ಟೆ ಹಿಡಿದುಕೊಂಡು ಕೂಗಿದಳು. "ನಿಮ್ಮ ಮಗಾ ಹಸ್ತು ಸತ್ತಾರಂತ್ರಿ!"

"ಬಿಡ್ತು ಅನ್ನ! ಈಗರೆ ತಾಟು ತುಂಬ ತಿಂದಾನ. ಏನೋ, ಇನ್ನೊಂದು ರೊಟ್ಟಿ ಬೇಕೇನು?"

ನನ್ನದೇ ಶಾಸನದ ಪ್ರಕಾರ ನಾನು ಕುಂಬಾರ ವಿಕಾಸನ ಮನೆಯಲ್ಲಿ ಕೂಸಾಗಿ ಹುಟ್ಟಿದೆ. ಅಲ್ಲಿಯವರೆಗೆ ಕಂಪ್ಯೂಟರಿನ ಕಡೆಗೆ ಕಣ್ಣೆತ್ತಿಯೂ ನೋಡದ ಅವ್ವ ತೊಟ್ಟಿಲು ಕಂಡದ್ದೇ ತಡ, ಕುರ್ಚಿ ಎಳೆದುಕೊಂಡು ಕೂತಳು.

"ಕೂಸು ಹುಟ್ಟೇದಂದ್ರ ಹೆಸರಿಡಬೇಕು. ಸೋದರತ್ತಿ ಯಾರು? ಯಾರೂ ಇಲ್ಲೇನು? ನಾನ ಇಡ್ತೀನಿ ತಗೋ." ಎಂದವಳೇ ನನ್ನ ಖರೇ ಕಿವಿಗೆ ಬಾಯಿ ಹಚ್ಚಿ, "ಕುರ್ರ್... ಗುಂಡ್ಯಾ!" ಎಂದಳು.

ನಮ್ಮ ಕಡೆ ಕಿವಿಯಲ್ಲಿ ಹೆಸರು ಹೇಳಿದವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದುವ ಪದ್ಧತಿ. ಮಂಜರಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಅತ್ಯಾ ಹಿರ್ಯಾರು, ಅವರಿಗೆ ಹೆಂಗ ಗುದ್ದಲಿ? ಹಂಗಂತ ಶಾಸ್ತ್ರ ಬಿಡ್ಲಿಕ್ಕೆ ಬರೂದಿಲ್ಲ." ಎನ್ನುತ್ತ ನನ್ನ ಬೆನ್ನಿಗೇ ಧಡ್ ಎಂದು ಒಂದು ಹಾಕಿದಳು. "ಹೆಂಗರೀ? ಖರೇ ಅನ್ನಿಸ್ತೇನು?"

"ಸಾಕು ಮಾಡ್ರಿ! ಆ ಕಾನೂನೆಲ್ಲಾ ರದ್ದು. ನಾ ಹೇಳ್ತೇನಿ, ರದ್ದು!"

"ರದ್ದು ಮಾಡೂದು ಪಾಟೀಲ್ರ ಕೆಲಸ ರೀ."

"ಪಾಟೀಲ ನಾನ!"

"ನೀವು ಕೂಸು."

ನಾನು ಮೊಸರಿಗೆ ಉಪ್ಪು ಹಾಕಿಕೊಳ್ಳುತ್ತಿದ್ದಾಗ ಊರು ಕೆರೆಯ ದಂಡೆಯ ಮೇಲೆಯೇ ಕೈಯೆತ್ತಿ ಮಂಜರಿಯನ್ನು ಪಾಟೀಲಳನ್ನಾಗಿ ಆರಿಸಿ ಮುಗಿಸಿತ್ತು! ಹೆಣ ಇನ್ನೂ ಅಲ್ಲೇ ಬಿದ್ದಿತ್ತು ಸ್ವಾಮಿ, ಒಂದು ಹೂವಾದರೂ ಹಾಕಬಾರದೇ? ಆಕೆ ಒಂದು ಕೀಲಿ ಒತ್ತಿದಳು, ಹುಲ್ಲೂರಿನ ಕುದುರೆಗಳೆಲ್ಲ ಪುರ್ರೆಂದು ಮೇಲೆದ್ದವು. ಉಣ್ಣುವ ಕಾನೂನೂ ಹೋಯಿತು.

"ಕೂಸಿನ ಕಾನೂನು?" ಎಂದೆ, ಆದಷ್ಟು ಮೆತ್ತಗೆ.

"ಅದು ಛಲೋ ಅದ, ಇರ್ಲಿ. ಊರಾಗ ಖರೇ ಅನ್ನೂದು ಒಂದರೆ ಇರಬೇಕಲ್ಲ?"

ಈಗ ನಾನು ತೊಟ್ಟಿಲಲ್ಲಿದ್ದೇನೆ. ಕುಂಬಾರನ ಮನೆಯ ಬೆಳಕಿಂಡಿಯಲ್ಲಿ ವಿಕಾಸನ ಕುದುರೆ ಹಾರುತ್ತ ಹೋಗುವುದು ಕಾಣುತ್ತದೆ, ಬೇಕೆಂದೇ ಎರಡೆರಡು ಸಲ ಹೋಗುತ್ತಾನೆ. ನನಗೆ ನಡೆಯಲು ಬರುವುದಿಲ್ಲ, ಮಾತಾಡಲು ಬರುವುದಿಲ್ಲ. ಪ್ರತಿಭಟಿಸಬೇಕೆಂದು ಯಾವ ಗುಂಡಿ ಒತ್ತಿದರೂ ಕಂಪ್ಯೂಟರಿನಿಂದ ಬರುವುದು ಒಂದೇ ಸದ್ದು: ಕುಂಯ್ಯೋ ಎಂಬ ಅಳು.

"ಮಂಜರಿ, ಗುಂಡ್ಯಾ ಅಳ್ಳಿಕ್ಕತ್ತಾನ ನೋಡವಾ," ಎಂದಳು ಅವ್ವ ಅಡುಗೆಮನೆಯಿಂದ.

"ಅಳ್ಳಿ ಬಿಡ್ರಿ ಅತ್ಯಾ," ಎಂದಳು ಪಾಟೀಲಳು, ಕುದುರೆಯನ್ನು ಮೋಡದ ಮೇಲೆ ಏರಿಸುತ್ತ. "ಅತ್ತರ ದನಿ ಗಟ್ಟಿ ಆಗ್ತದ."